ಫಿಲಂ ಡಬ್ಬಿಯ ಮರಳು

ಹಡಗಿನ ಅಂಚಿನ ಕಂಬಿಗಳ ನಡುವೆ ಎಷ್ಟು ಜಾಗ ಬಿಟ್ಟಿರುತ್ತಾರೆ? ಮೂರು ದಿನದಿಂದ ಇಂದುವಿನ ತಲೆಯಲ್ಲಿ ಬೇರೂರಿ ಕೂತಿದ್ದ ಪ್ರಶ್ನೆ ಇದೊಂದೇ. ಅಕ್ಕಿ ಆರಿಸುವಾಗ, ಬಟ್ಟೆ ಒಣಹಾಕುವಾಗ, ಮಗಳಿಗೆ ತುತ್ತಿಡುವಾಗ ಅದೇ. ಅವಳು ಹಡಗನ್ನು ಕಂಡವಳಲ್ಲ. ಮೈಸೂರಿನಲ್ಲಿ ಬಿ.ಎ. ಓದುವಾಗ ಗೆಳತಿಯರೆಲ್ಲ ದೋಣಿ ಹತ್ತಿದರೆ ಇವಳು ದಡದಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ನಿಂತವಳು. ಹಳೇಬೀಡಿಗೆ ಸೊಸೆಯಾಗಿ ಬಂದ ಮೇಲೆ, ಕೆರೆ ಏರಿಯ ಮೇಲೆ ನಡೆದರೆ ಮಗುವನ್ನು ನೀರಿನ ಕಡೆ ಬಿಡದೆ ರಸ್ತೆಯ ಕಡೆ ಹಿಡಿದುಕೊಳ್ಳುವಳು. ಬಸ್ಸಿನ ಸದ್ದು ಕೇಳಿದರೆ ಮತ್ತೆ ನೀರಿನ ಕಡೆಗೆ ಎಳೆದುಕೊಳ್ಳುವಳು.

ಕೊನೆಗೆ ಹೊಲಿಗೆ ಪೆಟ್ಟಿಗೆಯಿಂದ ಟೇಪು ತೆಗೆದು ಮೂರು ವರ್ಷದ ಸುಜಾತಾಳ ತಲೆಯ ಅಗಲ ಅಳೆದಳು. ಕಿವಿಯಿಂದ ಕಿವಿಗೆ ಐದೂವರೆ ಇಂಚು.

ಬಾಣಾವರದ ಹೈಸ್ಕೂಲಿಗೆ ಹೊರಡುವ ಆತುರದಲ್ಲಿ ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಗಂಡ ಮಧುಕುಮಾರ, "ಏನು, ಮಗೂಗೆ ಟೋಪಿ ಹೊಲೀತೀಯಾ?" ಅಂದ.

"ಹಡಗಿನ ಕಂಬಿ ನಡುವೆ ಆರಿಂಚು ಸಂದಿದ್ರೆ ಏನ್ರೀ ಗತಿ?"

"ಹಡಗು ಕಟ್ಟಿದೋನಿಗೂ ಮಕ್ಕಳಿರ್ತಾವೆ ಕಣೇ," ಎಂದು ನಗುತ್ತ ಬಸ್ಸಿಗೆ ಓಡಿದ.

ಇಂದು ನಗಲಿಲ್ಲ. ಟೇಪನ್ನು ಸುತ್ತಿ, ಮತ್ತೆ ಬಿಚ್ಚಿ, ಇನ್ನೊಂದು ಸಲ ಅಳೆದಳು.

ಅದು ತೊಂಬತ್ತಾರನೇ ಇಸವಿಯ ಮಾರ್ಚ್ ತಿಂಗಳು. ಹಡಗು ಹತ್ತಬೇಕೆಂದು ಹೊರಟಿದ್ದವರು ಅವಳ ಮಾವ ಗಿಡ್ಡಪ್ಪ.

ಗಿಡ್ಡಪ್ಪನವರು ಹಳೇಬೀಡಿನ ಗುಡಿಯಲ್ಲಿ ಪುರಾತತ್ವ ಇಲಾಖೆಯ ಕಾವಲುಗಾರ. ಅವರ ತಾಯಿ ಆ ಗುಡಿಯ ಹೊಸಲು ತುಳಿಯುವ ಹಕ್ಕಿಲ್ಲದೆ ತೀರಿಕೊಂಡಿದ್ದರು. ಮಗ ಮೂವತ್ತೊಂದು ವರ್ಷ ಅದರ ಮೂಲೆಮೂಲೆಗೂ ಕಸಬರಿಕೆ ಹಿಡಿದು ಹೋದರು. ಮೊದಲು ಸೇರಿದ್ದು ರಿಪೇರಿ ಕೆಲಸಕ್ಕೆ, ದಿನಗೂಲಿಯ ಮೇಲೆ. ಗಾರೆಗೆ ಬೇಕಾದ ಮರಳು ಜರಡಿ ಹಿಡಿಯುವುದು, ತೊಳೆದು ಹರಡುವುದು, ಸುಣ್ಣ ಅರೆಯುವುದು. ಆಮೇಲೆ ಖಾಕಿ ಅಂಗಿ ಬಂತು. ಗೋಡೆಯ ಶಿಲ್ಪಗಳ ಮೇಲೆ ಯಾರಾದರೂ ಕೈಯಾಡಿಸಿದರೆ "ನೋ ಟಚ್, ನೋ ಟಚ್" ಅನ್ನುತ್ತ ಓಡುವುದು ಕೆಲಸವಾಯಿತು. ಅವರಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟೇ. ಆದರೆ ಜರಡಿ ಹಿಡಿದ ಕೈ ಮರಳನ್ನು ಮರೆಯಲಿಲ್ಲ. ಯಾರ ಮನೆ ಕಟ್ಟಲು ಲಾರಿ ಮರಳು ಸುರಿದರೂ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಹಿಡಿದು ಮುಷ್ಟಿ ಹಿಸುಕುವರು. ಗರಗರ ಅಂದರೆ ಒಳ್ಳೇ ಮರಳು. ಸದ್ದಿಲ್ಲದಿದ್ದರೆ ಮಣ್ಣು ಬೆರೆತಿದೆ ಅಂತ.

ಇಂಥವರ ಮನೆಗೆ ಒಂದು ಸಲ ಯಾರೋ ಪ್ರವಾಸಿಗರು ಕೊಟ್ಟ ಕ್ಯಾಲೆಂಡರು ಬಂತು. ಅದರ ಏಪ್ರಿಲ್ ಹಾಳೆಯಲ್ಲಿ ಒಂದು ದ್ವೀಪದ ಚಿತ್ರ: ನೀಲಿ ನೀರು, ಬಾಗಿದ ತೆಂಗಿನ ಮರ, ಹಾಲು ಚೆಲ್ಲಿದ ಹಾಗೆ ಬಿಳೀ ದಂಡೆ. ಗುಡಿಯ ಗೇಟಿನ ಹೊರಗೆ ಸೌತೆಕಾಯಿ ಮಾರುತ್ತಿದ್ದ ಅವರ ಹೆಂಡತಿ ದೇವೀರಮ್ಮನಿಗೆ ಆ ಹಾಳೆಯನ್ನು ಮಗುಚಲು ಮನಸ್ಸಾಗಲಿಲ್ಲ. ಆ ಮನೆಯ ಗೋಡೆಯ ಮೇಲೆ ಹದಿನೈದು ವರ್ಷ ಏಪ್ರಿಲ್ ತಿಂಗಳೇ ನಡೆಯಿತು. ಆದರೆ ಚಿತ್ರ ನಿಜವೆಂದು ಆಕೆ ಒಂದು ದಿನವೂ ಒಪ್ಪಲಿಲ್ಲ.

"ಮರಳು ಎಲ್ಲಾದ್ರೂ ಬೆಳ್ಳಗಿರ್ತದಾ? ಫೋಟೋದವ್ರು ಸುಣ್ಣ ಹೊಡ್ದವ್ರೆ."

"ಸಮುದ್ರದ ದಂಡೇಗೆ ಯಾವನಮ್ಮಿ ಸುಣ್ಣ ಹೊಡೀತಾನೆ?"

"ನಿಂಗೊತ್ತಿಲ್ಲ ಸುಮ್ಕಿರಯ್ಯ. ನೀನು ಕಂಡಿರಾದು ಹೊಳೆ ಮರಳು."

ಈ ಜಗಳ ಸಾಕ್ಷಿ ಕೇಳಿತು. ಗಿಡ್ಡಪ್ಪ ದ್ವೀಪ ನೋಡಿಬಂದ ಪ್ರವಾಸಿಗರು ಸಿಕ್ಕಾಗಲೆಲ್ಲ ಗೈಡುಗಳ ಬಾಯಲ್ಲಿ ಕೇಳಿಸುವರು: ಮತ್ತೆ ಹೋದರೆ ಒಂದು ಚಿಟಿಕೆ ಮರಳು ಕಳಿಸಿ. ಕೇಳಿದವರಲ್ಲಿ ಹೆಚ್ಚಿನವರು ನಕ್ಕು ಮರೆತರು, ನಾಲ್ವರು ಮರೆಯಲಿಲ್ಲ. ಪ್ರವಾಸಿಗರು ಬಿಸಾಡಿದ ಕ್ಯಾಮೆರಾ ಫಿಲಂ ಡಬ್ಬಿಗಳು ಗುಡಿಯ ಸುತ್ತ ಬೇಕಾದಷ್ಟು ಸಿಗುತ್ತಿದ್ದವು. ಕರಿ ಡಬ್ಬಿ, ಗಟ್ಟಿ ಮುಚ್ಚಳ. ಅಂಚೆಯಲ್ಲಿ ಬಂದ ಮರಳನ್ನು ಅದರೊಳಗೆ ತುಂಬಿ, ಸೊಸೆಯ ಕೈಯಲ್ಲಿ ಚೀಟಿ ಬರೆಸಿ ಅಂಟಿಸಿದರು. ಹ್ಯಾವ್‌ಲಾಕ್, ಕವರತ್ತಿ, ಮಿನಿಕಾಯ್, ಕಡ್ಮತ್. ಮೊದಲನೆಯದು ಅಂಡಮಾನಿನದು, ಉಳಿದ ಮೂರು ಲಕ್ಷದ್ವೀಪದವು.

ದೇವೀರಮ್ಮನ ಎಲೆಅಡಿಕೆಯ ಸುಣ್ಣವೂ ಅಂಥದೇ ಒಂದು ಡಬ್ಬಿಯಲ್ಲಿ ಇರುತ್ತಿತ್ತು. ಒಂದು ಮಧ್ಯಾಹ್ನ ಆಕೆ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟು ಅಗಿದವರು ಥೂ ಥೂ ಎಂದು ಜಗಲಿಯಿಂದ ಅಂಗಳಕ್ಕೆ ಉಗಿದರು.

"ಮಿನಿಕಾಯ್ ತಿಂದ್ಬುಟ್ಳು ಕಣವ್ವ ನಿಮ್ಮತ್ತೆ!" ಗಿಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವರ ನಗು ಅರ್ಧಕ್ಕೇ ನಿಂತುಹೋಯಿತು. ಸುಣ್ಣ ತೇವ, ಮರಳು ಒಣ. ಚೀಟಿ ಅಂಟಿಸಿದ ಡಬ್ಬಿಗೂ ಅಂಟಿಸದ ಡಬ್ಬಿಗೂ ಮಗುವಿಗೆ ಕೂಡ ವ್ಯತ್ಯಾಸ ತಿಳಿಯುತ್ತದೆ.

"ಅಮ್ಮಿ," ಎಂದು ಹತ್ತಿರ ಕೂತು ಅವರ ಮುಖದ ಮುಂದೆ ಬೆರಳು ಹಿಡಿದರು. "ಇದು ಎಷ್ಟು ಬೆಟ್ಟು?"

ಹೆಂಡತಿ ತಲೆ ತಗ್ಗಿಸಿದರು. ಎಲೆಯ ತೊಟ್ಟು ಮುರಿಯುತ್ತ ಕೂತರು.

ಹಾಸನದ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಸಕ್ಕರೆ ಕಾಯಿಲೆ ಕಣ್ಣಿನ ಒಳಪದರಕ್ಕೆ ಇಳಿದಿದೆ, ಇನ್ನು ಒಂದು ವರ್ಷ ಕಂಡರೆ ಹೆಚ್ಚು ಎಂದರು. ಜೊತೆಗೆ ಹೋಗಿದ್ದ ಇಂದುವಿಗೆ ಬಸ್ಸಿನಲ್ಲಿ ಬರುವಾಗ ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ. ದೇವೀರಮ್ಮ ಮಾತ್ರ ಕಿಟಕಿಯ ಪಕ್ಕವೇ ಬೇಕೆಂದು ಹಟ ಹಿಡಿದು ಕೂತು, ದಾರಿಯ ಅಂಗಡಿಗಳ ಬಣ್ಣ ಹೇಳುತ್ತ ಬಂದರು. ಅರ್ಧ ಸರಿ, ಅರ್ಧ ತಪ್ಪು.

ಮಾರನೇ ದಿನ ಗಿಡ್ಡಪ್ಪ ಆಫೀಸಿನಿಂದ ಎಲ್‌ಟಿಸಿ ಫಾರಂ ತಂದರು. ಸರ್ಕಾರಿ ನೌಕರನಿಗೆ ಸಂಸಾರ ಸಮೇತ ದೇಶ ನೋಡಲು ಸಿಗುವ ಸವಲತ್ತು. ಇಡೀ ನೌಕರಿಯಲ್ಲಿ ಒಂದು ಸಲವೂ ಅವರು ಅದನ್ನು ಬಳಸಿರಲಿಲ್ಲ. ಮೇ ಮೂವತ್ತೊಂದಕ್ಕೆ ನಿವೃತ್ತಿ. ಆಮೇಲೆ ಅದೂ ಇಲ್ಲ. ಜೊತೆಯ ಕಾವಲುಗಾರ ಲಕ್ಕಪ್ಪ ಕೆಣಕಿದ: "ಏನ್ಲಾ ಗಿಡ್ಡ, ಎಲ್ರೂ ಕಾಶಿಗೋ ಡೆಲ್ಲಿಗೋ ಹೋಯ್ತಾರೆ. ನೀನು ಮರಳು ನೋಡಕ್ ಹೋಯ್ತೀಯಾ? ಬಾ, ಯಗಚಿ ಹೊಳೇಲಿ ತೋರಿಸ್ತೀನಿ, ಲಾರಿಗಟ್ಲೆ ಐತೆ."

"ನಂಗೇನಲ್ಲ ಕಣ್ಲಾ. ಅವಳ ಕಣ್ಣು ಹೋಗಕ್ ಮುಂಚೆ ಒಂದ್ ಸಲ ತೋರಿಸ್ಬೇಕು. ಹದಿನೈದು ವರ್ಷದಿಂದ ನನ್ನ ಸುಳ್ಳುಗಾರ ಅಂತಾವ್ಳೆ."

ಎಲ್ಲಿಗೆ ಎಂಬುದನ್ನು ಗೊತ್ತುಮಾಡಲು ಒಂದು ಭಾನುವಾರ ಅಂಗಳದಲ್ಲಿ ಸಭೆ ಸೇರಿತು. ಗಿಡ್ಡಪ್ಪ ಕರೀ ಕಲ್ಲಿನ ಚಪ್ಪಡಿ ತೊಳೆದು ಒರೆಸಿ, ಅದರ ಮೇಲೆ ನಾಲ್ಕು ಡಬ್ಬಿಯಿಂದ ನಾಲ್ಕು ಚಿಟಿಕೆ ಇಟ್ಟರು. ಒಂದೊಂದನ್ನೂ ಬೆರಳಲ್ಲಿ ತೀಡಿದರು, ಊದಿದರು, ನಾಲಿಗೆಗಿಟ್ಟು ಉಪ್ಪು ನೋಡಿದರು. ಮುಷ್ಟಿಯಲ್ಲಿ ಹಿಸುಕಿ ಕಿವಿಗೆ ಹಿಡಿದರು.

"ಸದ್ದೇ ಮಾಡಲ್ಲ ನೋಡವ್ವ. ಇದು ಕಲ್ಲಿನ ಮರಳಲ್ಲ."

"ಮತ್ತೇನು ಮಾವ?"

"ತಡಿ." ನಿಂಬೆಹಣ್ಣು ಹೆಚ್ಚಿ ಒಂದು ತೊಟ್ಟು ಹಿಂಡಿದರು. ಮರಳು ಸಣ್ಣಗೆ ಚುಯ್‌ಗುಟ್ಟಿ ನೊರೆ ಬಂತು. ಸುಜಾತಾ ಕೈತಟ್ಟಿ ಕುಣಿದಳು. "ಸುಣ್ಣದ ಜಾತಿ ಇದು. ಚಿಪ್ಪು, ಹವಳ, ಅಂಥವು. ಒಂದ್ ಕಾಲಕ್ಕೆ ಜೀವ ಇದ್ದದ್ದು. ನಿಮ್ಮತ್ತೆ ಎಲೆಗೆ ಹಾಕ್ಕಂಡಿದ್ದೂ ಪೂರ್ತಿ ತಪ್ಪಲ್ಲ ಅನ್ನು."

ಜಗಲಿಯಿಂದ ದೇವೀರಮ್ಮ, "ಬಾಯಿ ಬುಟ್ರೆ ನನ್ನ ಸುದ್ದಿ," ಎಂದು ಗದರಿದರು.

ಹ್ಯಾವ್‌ಲಾಕಿನದು ಚಂದ, ಆದರೆ ಮದರಾಸಿನಿಂದ ಮೂರು ದಿನದ ಹಡಗು. ಬೇಡವೆಂದಾಯಿತು. ಕವರತ್ತಿಯದು ಕೊಂಚ ದಪ್ಪ. ಹೆಂಡತಿಯ ಕಾಲಿಗೆ ಚುಚ್ಚೀತು. ಮಿನಿಕಾಯ್‌ ಅರ್ಧ ದೇವೀರಮ್ಮನ ಬಾಯಿ ಸೇರಿತ್ತು. ಕಡ್ಮತ್‌ನದು ಸಣ್ಣ ರವೆಯ ಹಾಗೆ, ಬಿಸಿಲಲ್ಲಿ ಕಣ್ಣು ಕುಕ್ಕುವಷ್ಟು ಬಿಳಿ.

"ನೀನೇ ಹೇಳವ್ವ, ಓದ್ದೋಳು. ಯಾವ್ದು?"

ಇಂದು ಬೆರಳು ಅದ್ದಿ ನೋಡಿದಳು. ಎಷ್ಟು ಮೃದು! ಅದರ ಮೇಲೆ ಮಗಳು ಬರಿಗಾಲಲ್ಲಿ ಓಡುವುದು ಒಂದು ಕ್ಷಣ ಕಣ್ಣಿಗೆ ಕಟ್ಟಿತು. ಆ ಒಂದು ಕ್ಷಣ ಅವಳಿಗೆ ಭಯವೇ ಇರಲಿಲ್ಲ. "ಕಡ್ಮತ್, ಮಾವ," ಎಂದಳು.

ಆಮೇಲೆ ನೀರು ನೆನಪಾಯಿತು. ನೀರಿನ ಮೇಲೆ ಹಡಗು, ಹಡಗಿಗೆ ಅಂಚು, ಅಂಚಿಗೆ ಕಂಬಿ.

ಹಾಸನದ ಟ್ರಾವೆಲ್ಸ್‌ನವನು ಖಂಡಿತವಾಗಿ ಹೇಳಿದ್ದ: ಕೊಚ್ಚಿಯಿಂದ ಏಪ್ರಿಲ್ ಕೊನೆಯಲ್ಲಿ ಹೊರಡುವ ಹಡಗಿನಲ್ಲಿ ಐದು ಜಾಗ ಇದೆ, ಶುಕ್ರವಾರ ಸಂಜೆಯೊಳಗೆ ಫೋನು ಮಾಡಿ ಹೂಂ ಅಂದರೆ ಸಾಕು, ಇದು ತಪ್ಪಿದರೆ ಮಳೆಗಾಲ ಮುಗಿಯುವವರೆಗೆ ಹಡಗಿನ ಮಾತಿಲ್ಲ. ಎಲ್‌ಟಿಸಿ ಅತ್ತೆ ಮಾವನಿಗೆ. ಭಾಷೆಗೆ, ಆಸರೆಗೆ ಮಗ ಸೊಸೆ. ಅವರ ಹಿಂದೆ ಮಗು. ಮಧುಕುಮಾರನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸ. ಫೋನು ಮಾಡುವುದು ಇಂದುವಿನ ಪಾಲಿಗೆ ಬಂತು.

ಶುಕ್ರವಾರ ನಾಲ್ಕು ಗಂಟೆಗೆ ಅವಳು ಬಸ್ ಸ್ಟ್ಯಾಂಡಿನ ಪಕ್ಕದ ಕಾಂತಮ್ಮನ ಎಸ್‌ಟಿಡಿ ಬೂತಿಗೆ ಹೋದಳು. ಗಾಜಿನ ಬಾಗಿಲು ಎಳೆದುಕೊಂಡು ನಿಂತಳು. ನಂಬರಿನ ಚೀಟಿ ಬೆವರಿಗೆ ಒದ್ದೆಯಾಯಿತು. ಕೈ ಫೋನಿನ ಹತ್ತಿರ ಹೋಗುತ್ತಿತ್ತು, ಐದೂವರೆ ಇಂಚಿನ ಆ ಪುಟ್ಟ ತಲೆ ಕಣ್ಣ ಮುಂದೆ ಬರುತ್ತಿತ್ತು, ಕೈ ಹಿಂದೆ ಸರಿಯುತ್ತಿತ್ತು. ಹತ್ತು ನಿಮಿಷ ನಿಂತಳು. ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಬಂದು, ಕಣ್ಣಿನ ಕೆಂಪು ಇಳಿಯಲೆಂದು ಸುತ್ತುದಾರಿ ಹಿಡಿದು ಮನೆಗೆ ನಡೆದಳು.

ಮನೆಯಲ್ಲಿ ಗಿಡ್ಡಪ್ಪ ಇಸ್ತ್ರಿ ಮಾಡಿಸಿದ ಖಾಕಿ ಅಂಗಿಯಲ್ಲೇ ಕಾದು ಕೂತಿದ್ದರು.

"ಟಿಕೆಟ್ಟು ಆಗೋಯ್ತಂತೆ ಮಾವ. ಒಂದೂ ಇಲ್ವಂತೆ."

ಅವರು ಅವಳ ಮುಖ ನೋಡಿದರು. ಸ್ವಲ್ಪ ಹೊತ್ತು ನೋಡಿದರು. "ಹಂಗಾ," ಅಂದರು. "ಬುಡವ್ವ. ಕಾಪಿ ಕುಡಿ, ಬಿಸಿಲಲ್ಲಿ ಬಂದಿದ್ದೀಯ."

ಅಷ್ಟೇ. ಆ ಮಾತು ಮತ್ತೆ ಆ ಮನೆಯಲ್ಲಿ ಏಳಲಿಲ್ಲ. ಭರ್ತಿ ಮಾಡಿದ್ದ ಫಾರಂ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದು ಅಲ್ಲೇ ಉಳಿಯಿತು. ಮೇ ತಿಂಗಳ ಕೊನೆಯಲ್ಲಿ ಆಫೀಸಿನವರು ಶಾಲು ಹೊದಿಸಿ ಕಳಿಸಿಕೊಟ್ಟರು. ಇಂದು ರಾಗಿ ಬೀಸಿಸಲು ಹೋದಲ್ಲಿ, ಮಗಳಿಗೆ ಚುಚ್ಚುಮದ್ದು ಹಾಕಿಸಲು ಹೋದಲ್ಲಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಮಳೆಗಾಲ ಮುಗಿಯಲಿ, ನಮ್ಮದೇ ಖರ್ಚಿನಲ್ಲಿ ಹೋಗೋಣ, ಮಗು ಒಂದಿಷ್ಟು ದೊಡ್ಡದಾಗಲಿ. ಮಳೆಗಾಲ ಮುಗಿಯಿತು. ಮಗುವಿಗೆ ಕೆಮ್ಮು ಶುರುವಾಯಿತು. ಅಷ್ಟರಲ್ಲಿ ದೇವೀರಮ್ಮ ಗೋಡೆ ಹಿಡಿದು ಬಚ್ಚಲಿಗೆ ಹೋಗತೊಡಗಿದ್ದರು.

ದೀಪಾವಳಿ ಕಳೆದ ಒಂದು ಮಟಮಟ ಮಧ್ಯಾಹ್ನ ಗಿಡ್ಡಪ್ಪ ಹಳೇ ಕೊಡೆಯ ಕರಿಬಟ್ಟೆ ಬಿಚ್ಚಿ ಮೊರದ ಮೇಲೆ ಹಾಸಿದರು. ನಾಲ್ಕೂ ಡಬ್ಬಿಯ ಮರಳನ್ನು ಅದರ ಮೇಲೆ ಸುರಿದು, ಅಂಗೈಯಿಂದ ಸವರಿ ದಂಡೆಯ ಹಾಗೆ ಬಾಗಿಸಿದರು. ನಾಲ್ಕು ದ್ವೀಪ ಒಂದಾಯಿತು. ಹೆಂಡತಿಯ ಕೈ ಹಿಡಿದು ಬಿಸಿಲಿಗೆ ತಂದು ಕೂರಿಸಿದರು.

"ಬಗ್ಗಿ ನೋಡು."

ದೇವೀರಮ್ಮ ಬಗ್ಗಿದರು. ಮೂಗು ಮೊರಕ್ಕೆ ತಾಗುವಷ್ಟು. ಇಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹೂಂ ಕಣಯ್ಯ," ಎಂದರು ದೇವೀರಮ್ಮ ನಿಧಾನವಾಗಿ. "ಬೆಳ್ಳಗೈತೆ. ಹಾಲು ಹಾಲು. ನಾನೇ ಸೋತೆ."

ಗಿಡ್ಡಪ್ಪ ಆ ದಿನವೆಲ್ಲ ಹಬ್ಬದ ಮನುಷ್ಯನ ಹಾಗೆ ಓಡಾಡಿದರು. ಟೀ ಅಂಗಡಿಗೆ ಹೋಗಿ ಹೇಳಿ ಬಂದರು. "ಹದ್ನೈದು ವರ್ಷದ ಕೇಸು ಗೆದ್ದಪ್ಪ ನಮ್ ಗಿಡ್ಡ, ಅಪೀಲೇ ಇಲ್ಲ," ಎಂದು ಲಕ್ಕಪ್ಪ ಎಲ್ಲರಿಗೂ ಸಾರಿದ. ಆ ಖುಷಿ ನೋಡಿ ಇಂದುವಿನ ಎದೆಯ ಮೇಲಿನ ಕಲ್ಲು ಚೂರು ಜರುಗಿದಂತಾಯಿತು. ಕಂಡಿತಲ್ಲ, ಸದ್ಯ. ಹಡಗಿಲ್ಲದೆಯೇ ಕಂಡಿತಲ್ಲ.

ಮಾರನೇ ವರ್ಷ, ತೊಂಬತ್ತೇಳರ ನವೆಂಬರಿನಲ್ಲಿ, ಗಿಡ್ಡಪ್ಪ ಹೋದರು. ನಿವೃತ್ತಿಯಾದ ಮೇಲೂ ದಿನಾ ಬೆಳಿಗ್ಗೆ ಗುಡಿಯ ಹುಲ್ಲುಹಾಸಿನ ಮರದ ಕೆಳಗೆ ಹೋಗಿ ಕೂರುವುದು ಅಭ್ಯಾಸ. ಅಲ್ಲೇ ಒರಗಿದ್ದರು. ಪ್ರವಾಸಿಗರು ಮುದುಕ ನಿದ್ದೆ ಮಾಡುತ್ತಿದ್ದಾನೆಂದು ಮೆಲ್ಲಗೆ ಮಾತಾಡಿಕೊಂಡು ದಾಟಿ ಹೋದರು. ಗೇಟು ಮುಚ್ಚುವ ಹೊತ್ತಿಗೆ ಎಬ್ಬಿಸಲು ಹೋದ ಲಕ್ಕಪ್ಪನಿಗೇ ಗೊತ್ತಾದದ್ದು. ಅವರ ಜೇಬಿನಲ್ಲಿ ಒಂದು ಬೀಡಿಕಟ್ಟು, ಯಾರದೋ ಖಾಲಿ ಫಿಲಂ ಡಬ್ಬಿ ಇದ್ದವು.

ಅತ್ತೆಯ ಕಣ್ಣು ಆಗಲೇ ಪೂರ್ತಿ ಮುಚ್ಚಿತ್ತು. ಇಂದು ಅವರಿಗೆ ಸ್ನಾನಕ್ಕೆ ನೀರು ಹದ ಮಾಡಿ ಕೊಡುವಳು, ತಲೆ ಬಾಚುವಳು, ಎಲೆ ಮಡಿಸಿ ಕೊಡುವಳು. ಎಲ್ಲವನ್ನೂ ತಪ್ಪು ಮಾಡಿದವರು ಮಾಡುವಷ್ಟು ಚೊಕ್ಕವಾಗಿ.

ಫೆಬ್ರವರಿಯ ಒಂದು ಬೆಳಿಗ್ಗೆ ಮಧುಕುಮಾರ ಸ್ಕೂಲಿಗೆ, ಸುಜಾತಾ ಅಂಗನವಾಡಿಗೆ ಹೋಗಿದ್ದರು. ಜಗಲಿಯಲ್ಲಿ ಕೂತ ದೇವೀರಮ್ಮ ಎಲೆ ಹಿಡಿದು ಕೈ ಚಾಚಿದರು. ಇಂದು ಡಬ್ಬಿ ಇಟ್ಟಳು. ಅವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನಕ್ಕರು.

"ಸುಣ್ಣಾನೋ, ದ್ವೀಪಾನೋ?"

ಇಂದುವಿಗೂ ನಗು ಬಂತು. ಅದರ ಹಿಂದೆಯೇ ತಡೆಯಲಾರದ ಅಳು. ಎರಡು ವರ್ಷದ್ದು ಒಟ್ಟಿಗೆ. "ಅತ್ತೆ, ಟಿಕೆಟ್ಟು ಇತ್ತು. ನಾನು ಫೋನೇ ಮಾಡ್ಲಿಲ್ಲ. ಸುಳ್ಳು ಹೇಳ್ದೆ. ಮಗೂಗೆ ಏನಾದ್ರೂ ಆಗುತ್ತೆ ಅಂತ..."

ದೇವೀರಮ್ಮ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ.

"ಗೊತ್ತು."

"ಏನು?"

"ಅವತ್ತೇ ಗೊತ್ತು ಕಣವ್ವ. ಕಾಂತಮ್ಮ ನಿಮ್ಮಾವನ್ನ ತಡ್ದು ಹೇಳಿದ್ಲಂತೆ, ನಿನ್ ಸೊಸೆ ಡಬ್ಬದೊಳಗೆ ನಿಂತ್ಕಂಡು ಅಳ್ತಿದ್ಲು, ಫೋನ್ ಎತ್ತಲೇ ಇಲ್ಲ, ಮನೇಲಿ ಏನಾಯ್ತು ಅಂತ. ನಾನು ಬಯ್ಯಕ್ಕೆ ಎದ್ದಿದ್ದೆ. ಅವ್ರೇ ಕೂರಿಸಿದ್ರು. ಹೆದರ್ಕಂಡೈತೆ ಹುಡುಗಿ, ಹೆದರಿದ ಮಗೀನ ಎಳ್ಕಂಡೋಗಿ ನಾವು ಏನ್ ಸುಖ ನೋಡಾದು, ನೀನು ಬಾಯಿ ಬುಡಬ್ಯಾಡ ಅಂದ್ರು. ಸಾಯೋಗಂಟ ಬುಡ್ಲಿಲ್ಲ ನಾನು."

ಇಂದುವಿಗೆ ಆ ನೋಟ ನೆನಪಾಯಿತು. ಕಾಫಿ ಕುಡಿ ಅನ್ನುವ ಮುಂಚೆ, ಸ್ವಲ್ಪ ಹೊತ್ತು. ಅವಳು ಸುತ್ತುದಾರಿಯಲ್ಲಿ ಬರುವಷ್ಟರಲ್ಲಿ ಅವರು ಬೂತಿನ ಮುಂದಿನಿಂದ ಹಾದು ಅವಳಿಗಿಂತ ಮೊದಲು ಮನೆ ಸೇರಿದ್ದರು. ಅವಳ ಸುಳ್ಳಿಗೆ ಜಾಗ ಮಾಡಿಕೊಟ್ಟು ಕೂತಿದ್ದರು.

"ಆದ್ರೂ ನಿಮಗೆ ಕಾಣ್ತಲ್ಲ ಅತ್ತೆ. ಮೊರದ ಮೇಲೆ ಹಾಕಿ ತೋರಿಸಿದ್ರಲ್ಲ. ಬೆಳ್ಳಗೈತೆ ಅಂದ್ರಲ್ಲ."

ದೇವೀರಮ್ಮ ಎಲೆಯನ್ನು ಬಾಯಿಗಿಟ್ಟುಕೊಳ್ಳದೆ ಕೈಯಲ್ಲೇ ಹಿಡಿದು ಕೂತರು.

"ನಂಗೇನ್ ಕಾಣ್ತು, ತಾಯಿ? ಕಪ್ಪು ಬಟ್ಟೆ ಅಂತ್ಲೂ ಕಾಣಿಲ್ಲ. ಬಿಸಿಲು ಮುಖಕ್ಕೆ ಹೊಡೀತಿತ್ತು, ಅವ್ರ ಉಸಿರು ಕೇಳ್ತಿತ್ತು. ಹೆಂಗೆ ಕಾಯ್ತಾವ್ರೆ ಅಂತ ಗೊತ್ತಾಯ್ತಿತ್ತು. ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ." ಆಮೇಲೆ, ಬೇರೇನನ್ನೋ ಕೇಳುವವರ ಹಾಗೆ, "ನಿಜವಾಗ್ಲೂ ಬೆಳ್ಳಗಿತ್ತೇನವ್ವ ಅದು?"

"ಬೆಳ್ಳಗಿತ್ತು ಅತ್ತೆ."

"ಹಂಗಾದ್ರೆ ಸರಿ."

ಇಂದು ಒಳಗೆ ಹೋದಳು. ಹೊಲಿಗೆ ಪೆಟ್ಟಿಗೆ ತೆರೆದು, ಸುತ್ತಿಟ್ಟ ಟೇಪಿನ ಅಡಿಯಿಂದ ಅವತ್ತಿನ ಫೋನ್ ನಂಬರಿನ ಚೀಟಿ ತೆಗೆದಳು. ಬೆವರಿಗೆ ಅಂಕಿಗಳು ಮಸುಕಾಗಿದ್ದರೂ ಓದುವಂತಿದ್ದವು. ಅತ್ತೆಗೆ ಮಜ್ಜಿಗೆ ಲೋಟ ಕೈಗಿಟ್ಟು, "ಹತ್ತೇ ನಿಮಿಷ, ಬಂದುಬಿಡ್ತೀನಿ," ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಕಾಂತಮ್ಮ ಅವಳನ್ನು ನೋಡಿ ಬೂತಿನ ಕಡೆ ಕೈ ತೋರಿದಳು. ಇಂದು ಗಾಜಿನ ಬಾಗಿಲು ಎಳೆದುಕೊಂಡಳು. ಕೈ ಈ ಸಲ ಹಿಂದೆ ಸರಿಯಲಿಲ್ಲ. ನಂಬರು ಒತ್ತಿದಳು.

"ಹಲೋ, ಟ್ರಾವೆಲ್ಸಾ? ಸರ್, ಒಂದು ಕೇಳ್ಬೇಕಿತ್ತು. ಲಕ್ಷದ್ವೀಪಕ್ಕೆ ಹೋಗುತ್ತಲ್ಲ, ಆ ಹಡಗಿನ ಅಂಚಿನ ಕಂಬಿ ನಡುವೆ ಎಷ್ಟು ಜಾಗ ಇರುತ್ತೆ?"

ಆ ಕಡೆಯವನು ನಕ್ಕ. "ಮಕ್ಕಳಿದ್ದಾರಾ ಮೇಡಂ? ಕಂಬಿಗೆ ಕೆಳಗಿಂದ ಮೇಲಿನ ತನಕ ಬಲೆ ಬಿಗಿದಿರ್ತಾರೆ. ಬೆಕ್ಕಿನ ಮರೀನೂ ತೂರಲ್ಲ."

"ಈಗ ಹೊಸದಾಗಿ ಹಾಕಿದ್ದಾ?"

"ಇಲ್ಲ ಮೇಡಂ. ನಾನು ಈ ಕೆಲಸಕ್ಕೆ ಬಂದು ಎಂಟು ವರ್ಷ. ಆಗಿಂದಾನೂ ಇದೆ."

ಇಂದು ಹಣೆಯನ್ನು ಗಾಜಿಗೆ ಒರಗಿಸಿದಳು. ಒಂದು ಪ್ರಶ್ನೆ. ಒಂದೇ ಒಂದು ಪ್ರಶ್ನೆ, ಅವತ್ತು ಇದೇ ಜಾಗದಲ್ಲಿ.

"ಹಲೋ? ಮೇಡಂ, ಲೈನಲ್ಲಿದ್ದೀರಾ? ಯಾವ ದ್ವೀಪ ಅಂದ್ರಿ?"

"ಕಡ್ಮತ್," ಎಂದಳು. "ನಮ್ಮ ಮಾವ ಹೋಗ್ಬೇಕು ಅಂತಿದ್ದದ್ದು."

"ಸರಿ. ಎಷ್ಟು ಜನ?"

ಐದು ಎಂದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ನಾಲ್ಕು," ಎಂದಳು ಇಂದು.